ಪೊಲೀಸರ ಮಾಮೂಲು ನಿಂತಿತು, ಆದರೂ ಜಾರ್ಜಿಯಾ ಎಸ್ಟೋನಿಯಾ ಆಗಲಿಲ್ಲ, ಯಾಕೆ?

ಕಡತ ವಿಲೇವಾರಿ

ಜಾರ್ಜಿಯಾ, ಉಕ್ರೇನ್ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಮೆಡಿಕಲ್ ಸೀಟು. ಅದನ್ನು ಪಕ್ಕಕ್ಕಿಟ್ಟು ಬೇರೆ ಒಂದು ವಿಷಯ ಮಾತಾಡೋಣ: ಆ ಕಡೆಯ ಹಳೆಯ ಕಮ್ಯುನಿಸ್ಟ್ ದೇಶಗಳ ಲಂಚ ಮತ್ತು ಆರ್ಥಿಕತೆ.

ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಭ್ರಷ್ಟಾಚಾರ ಸೂಚ್ಯಂಕದಲ್ಲಿ (ಅಂಕ ಹೆಚ್ಚಿದ್ದಷ್ಟೂ ದೇಶ ಶುದ್ಧ) 2003ರಲ್ಲಿ ಜಾರ್ಜಿಯಾಕ್ಕೆ 10ಕ್ಕೆ 1.8 ಅಂಕ, 133 ದೇಶಗಳಲ್ಲಿ 124ನೇ ಸ್ಥಾನ. 2012ರಲ್ಲಿ 51ನೇ ಸ್ಥಾನ. 2003ರಲ್ಲಿ ಜಿಡಿಪಿಯ ಶೇ 12ರಷ್ಟಿದ್ದ ತೆರಿಗೆ ವಸೂಲಿ ಐದೇ ವರ್ಷದಲ್ಲಿ ಶೇ 25ರ ಹತ್ತಿರ ಬಂತು. ದರ ಏರಿಸಿ ಅಲ್ಲ. 2005ರ ತೆರಿಗೆ ಸಂಹಿತೆಯಲ್ಲಿ 21 ಬಗೆಯ ತೆರಿಗೆಗಳನ್ನು 7ಕ್ಕೆ ಇಳಿಸಿ! ಇಷ್ಟಾದರೂ 2023ರಲ್ಲಿ ಅಲ್ಲಿನ ತಲಾ ಆದಾಯ ಸುಮಾರು 8 ಸಾವಿರ ಡಾಲರ್. ಅದೇ ಸೋವಿಯತ್ ಮನೆಯಿಂದ ಹೊರಬಂದ ಎಸ್ಟೋನಿಯಾದ್ದು ಸುಮಾರು 30 ಸಾವಿರ.

ನನ್ನ ವಾದ ಇಷ್ಟೇ. ಲಂಚ ಎರಡು ಜಾತಿ. ಇರುವ ಕಾನೂನಿನ ಅಡಿಯಲ್ಲಿ ಕೆಲಸ ಮಾಡಿಸಿಕೊಳ್ಳೋಕೆ ಕೊಡೋದು ಒಂದು. ಕಾನೂನನ್ನೇ ತನಗೆ ಬೇಕಾದ ಹಾಗೆ ಬರೆಸಿಕೊಳ್ಳೋಕೆ ಕೊಡೋದು ಇನ್ನೊಂದು. 1999ರಲ್ಲಿ ವಿಶ್ವಬ್ಯಾಂಕ್ ಮತ್ತು ಯುರೋಪಿನ ಪುನರ್ನಿರ್ಮಾಣ ಬ್ಯಾಂಕ್ ಸೇರಿ ಈ ದೇಶಗಳ ಕಂಪನಿಗಳ ಸಮೀಕ್ಷೆ ಮಾಡಿದಾಗ ಎರಡನ್ನೂ ಬೇರೆ ಬೇರೆಯಾಗಿ ಕೇಳಿದ್ದರು. ಜಾರ್ಜಿಯಾ ಮೊದಲನೆಯದನ್ನು ಕಿತ್ತು ಹಾಕಿತು, ಎರಡನೆಯದಕ್ಕೆ ಬೀಗ ಹಾಕಲಿಲ್ಲ. ಒಪ್ಪದವರು ಬನ್ನಿ.

ಮೂರನೇ ಬೆಂಚು

ವಾದ ಆಮೇಲೆ. ಅವರು ಮಾಡಿದ್ದೇನು ಅನ್ನೋದು ಮೊದಲು ಸರಿಯಾಗಿ ಬರಲಿ, "ರಾಜಕೀಯ ಇಚ್ಛಾಶಕ್ತಿ" ಅಂತ ಒಂದು ಪದದಲ್ಲಿ ಮುಗಿಸೋದು ಬೇಡ.

ಜನ ಬೀದಿಗಿಳಿದು ಹಳೆಯ ಸರ್ಕಾರವನ್ನು ಇಳಿಸಿದ 2003ರ ನವೆಂಬರಿನ ಗುಲಾಬಿ ಕ್ರಾಂತಿಗೆ ಮುಂಚೆ ಟ್ರಾಫಿಕ್ ಪೊಲೀಸ್ ಕೆಲಸವನ್ನೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಕೊಂಡವನು ರಸ್ತೆಯಲ್ಲಿ ಎತ್ತುತ್ತಿದ್ದ, ಅದರಲ್ಲೊಂದು ಪಾಲು ತಿಂಗಳು ತಿಂಗಳು ಮೇಲಕ್ಕೆ ಹೋಗುತ್ತಿತ್ತು. ಸಂಬಳ ನೆಪಕ್ಕೆ. ಅಂದರೆ ಒಬ್ಬ ಪೊಲೀಸ್ ಪ್ರಾಮಾಣಿಕನಾದರೆ ಅವನು ಕೈಯಿಂದ ಕಟ್ಟಬೇಕು. ಇಂಥ ಸರಪಳಿಯಲ್ಲಿ ಕೆಳಗಿನವನನ್ನು ಹಿಡಿದು ಅಮಾನತು ಮಾಡಿದರೆ ಆ ಜಾಗ ಇನ್ನೊಮ್ಮೆ ಹರಾಜಾಗುತ್ತದೆ, ಅಷ್ಟೇ. ಮೇಲಿನವನಿಗೆ ಲಾಭವೇ.

ಹಾಗಾಗಿ 2004ರಲ್ಲಿ ಇಲಾಖೆಯನ್ನೇ ರದ್ದು ಮಾಡಿದರು. ಸುಮಾರು 16 ಸಾವಿರ ಜನ ಮನೆಗೆ. ಗಸ್ತು ಪೊಲೀಸ್ ಅಂತ ಹೊಸ ಪಡೆ, ಹೊಸ ನೇಮಕಾತಿ, ಹೊಸ ಸಮವಸ್ತ್ರ, ಹೊಸ ಕಾರು, ಸುಮಾರು ಹತ್ತು ಪಟ್ಟು ಸಂಬಳ. ದಂಡವನ್ನು ಪೊಲೀಸನ ಕೈಗೆ ಕೊಡುವ ಹಾಗಿಲ್ಲ, ಬ್ಯಾಂಕಿನಲ್ಲಿ ಕಟ್ಟಬೇಕು. ಸಾಮಾನ್ಯ ಚಾಲಕರ ವೇಷದಲ್ಲಿ ಪರೀಕ್ಷಕರನ್ನು ಬಿಟ್ಟು ನೋಟು ಚಾಚಿಸುತ್ತಿದ್ದರು. ಮುಟ್ಟಿದವನು ಅವತ್ತೇ ಹೊರಗೆ.

2005ರ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯದ್ದೂ ಅದೇ ಕ್ರಮ. ಅಲ್ಲಿಯ ತನಕ ಕಾನೂನು, ವೈದ್ಯಕೀಯ ಸೀಟಿಗೆ ಪ್ರಾಧ್ಯಾಪಕರಿಗೇ ಸಾವಿರಾರು ಡಾಲರ್ ಹೋಗುತ್ತಿತ್ತು. ಸೀಟು ಕೊಡುವ ಅಧಿಕಾರವನ್ನು ವಿಶ್ವವಿದ್ಯಾಲಯದಿಂದ ಕಿತ್ತು ರಾಷ್ಟ್ರೀಯ ಪರೀಕ್ಷಾ ಕೇಂದ್ರಕ್ಕೆ ಕೊಟ್ಟರು. ಪ್ರಶ್ನೆಪತ್ರಿಕೆ ಬ್ರಿಟನ್ನಿನಲ್ಲಿ ಅಚ್ಚಾಗಿ ಬಂತು, ಉತ್ತರಪತ್ರಿಕೆಗೆ ಹೆಸರಿನ ಬದಲು ಬಾರ್‌ಕೋಡ್, ಕೋಣೆಯಲ್ಲಿ ಕ್ಯಾಮೆರಾ, ಹೊರಗೆ ನಿಂತ ಅಪ್ಪ ಅಮ್ಮಂದಿರಿಗೆ ಪರದೆಯಲ್ಲಿ ನೇರ ನೋಟ.

ವಿದ್ಯುತ್ತಿನದು ಇನ್ನೂ ಒರಟು. ಬಿಲ್ ಕಟ್ಟದ ಕಡೆಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಮೀಟರ್ ಹಾಕಿದರು. ಎಲ್ಲರದೂ ಸೇರಿ ಹಣ ಬರಲಿಲ್ಲವೋ, ಇಡೀ ಕೇರಿಗೆ ಕತ್ತಲೆ. ವಸೂಲಿ ಮಾಡುವ ಕೆಲಸ ಲೈನ್‌ಮನ್‌ನಿಂದ ಅಕ್ಕಪಕ್ಕದ ಮನೆಯವರ ಹೆಗಲಿಗೆ ಬಿತ್ತು.

ಗಂಗಾವತಿ ಭತ್ತ

ಎಲ್ಲಾ ಖರೆ ರೀ. ಆದ್ರ 16 ಸಾವಿರ ಮಂದೀನ ಒಮ್ಮೆಲೆ ತಗದ್ರ ಅವ್ರು ಕೋರ್ಟಿಗೆ ಹೋಗಲಿಲ್ಲೇನು? ನಮ್ಮಲ್ಲಿ ಒಬ್ಬ ಗುಮಾಸ್ತನ್ನ ವರ್ಗ ಮಾಡಿದ್ರ ಸಾಕು, ಮರುದಿನ ತಡೆಯಾಜ್ಞೆ ತರ್ತಾನ.

ಮೂರನೇ ಬೆಂಚು

ಕೇಳಬೇಕಾದ ಪ್ರಶ್ನೆ. ಎರಡು ತಿಂಗಳ ಸಂಬಳ ಕೊಟ್ಟರು, ಜೊತೆಗೆ ಹಳೆಯ ತಪ್ಪುಗಳನ್ನು ಕೆದಕುವುದಿಲ್ಲ ಎಂಬ ಅಭಯ ಕೊಟ್ಟರು. ಬಹುಪಾಲು ಜನ ಸುಮ್ಮನಾದರು.

ಹೊಸ ಸಂಬಳಕ್ಕೆ ದುಡ್ಡು ಎಲ್ಲಿಂದ ಅನ್ನೋದು ಇದರ ಕಹಿ ಭಾಗ. ಹಳೆಯ ಮಂತ್ರಿಗಳನ್ನು, ಅಧಿಕಾರಿಗಳನ್ನು, ಅವರ ನಂಟರನ್ನು ಬಂಧಿಸಿ, ಇಂತಿಷ್ಟು ಹಣ ಕಟ್ಟಿದರೆ ಬಿಡುತ್ತೇವೆ ಎಂದು ಒಪ್ಪಂದ ಮಾಡಿಕೊಂಡರು. ಆ ಹಣದಲ್ಲಿ ಒಂದಷ್ಟು ಬಜೆಟ್ಟಿನ ಹೊರಗಿನ ನಿಧಿಗೆ ಹೋಯಿತು. ಯಾರಿಂದ ಎಷ್ಟು, ಯಾವ ಲೆಕ್ಕದಲ್ಲಿ ಎಂದು ಸಂಸತ್ತು ಕೇಳುವ ಹಾಗಿರಲಿಲ್ಲ. ಅಲ್ಲಿಂದ ಶುರುವಾಗಿ ಪ್ರಾಸಿಕ್ಯೂಟರ್ ಹೇಳಿದ್ದೇ ನ್ಯಾಯ ಎನ್ನುವ ಹಂತಕ್ಕೆ ಬಂತು. ಖುಲಾಸೆಯಾಗುವ ಆರೋಪಿ ನೂರಕ್ಕೆ ಒಬ್ಬನೂ ಇಲ್ಲ. ನಾಲ್ಕು ದಶಲಕ್ಷ ಜನರೂ ಇಲ್ಲದ ಅಷ್ಟು ಸಣ್ಣ ದೇಶದಲ್ಲಿ 2011ರ ಹೊತ್ತಿಗೆ 24 ಸಾವಿರ ಕೈದಿಗಳು. 2012ರ ಸೆಪ್ಟೆಂಬರಿನಲ್ಲಿ ಜೈಲಿನ ಚಿತ್ರಹಿಂಸೆಯ ವಿಡಿಯೊ ಹೊರಬಂತು, ಅಕ್ಟೋಬರಿನ ಚುನಾವಣೆಯಲ್ಲಿ ಸರ್ಕಾರ ಬಿತ್ತು.

ರೂಲು ಪುಸ್ತಕ

ಕಡತ ಅವರು ಕೇಳಿದ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ರಸ್ತೆಯಲ್ಲಿ ಲಂಚ ಇಲ್ಲ, ಆಸ್ತಿ ನೋಂದಣಿಗೆ ಒಂದೇ ಕಿಟಕಿ, ಆದರೆ ದೊಡ್ಡ ಕಾರ್ಖಾನೆ ಹಾಕುವವನು ನೋಡೋದು ಇದನ್ನಲ್ಲ. ಸರ್ಕಾರದ ಜೊತೆ ಜಗಳ ಬಂದರೆ ನ್ಯಾಯಾಧೀಶರು ಯಾರ ಕಡೆ ಅನ್ನೋದನ್ನು. ಹೋಟೆಲು, ಕಾಲ್ ಸೆಂಟರು, ಅಪಾರ್ಟ್‌ಮೆಂಟಿನಂಥ ಎರಡು ಮೂರು ವರ್ಷದಲ್ಲಿ ಹಣ ವಾಪಸು ಬರುವ ಬಂಡವಾಳಕ್ಕೆ ಒಳ್ಳೆಯ ಪೊಲೀಸ್ ಸಾಕು. ಇಪ್ಪತ್ತು ವರ್ಷದ ಬಂಡವಾಳಕ್ಕೆ ಸಾಲದು.

2012ರಲ್ಲಿ ಅಧಿಕಾರಕ್ಕೆ ಬಂದದ್ದು ಯಾರು? ರಷ್ಯಾದಲ್ಲಿ 90ರ ದಶಕದಲ್ಲಿ ಲೋಹ, ಬ್ಯಾಂಕು ನಡೆಸಿ ಹಣ ಮಾಡಿದ ಬಿಡ್ಜಿನಾ ಇವಾನಿಶ್ವಿಲಿ ಕಟ್ಟಿದ ಪಕ್ಷ. ಆ ವರ್ಷದ ಫೋರ್ಬ್ಸ್ ಲೆಕ್ಕದಲ್ಲಿ ಅವರೊಬ್ಬರ ಆಸ್ತಿ 640 ಕೋಟಿ ಡಾಲರ್. ದೇಶದ ಜಿಡಿಪಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಇಂಥವರಿಗೆ ತಹಶೀಲ್ದಾರ್ ಕೈಗೆ ನೋಟು ತುರುಕುವ ಅಗತ್ಯ ಯಾವತ್ತೂ ಬರೋದಿಲ್ಲ.

ಇನ್ನೊಂದು, ಇದಕ್ಕೂ ಲಂಚಕ್ಕೂ ಸಂಬಂಧವೇ ಇಲ್ಲ. 1992ರ ಭೂಹಂಚಿಕೆಯಲ್ಲಿ ಒಂದು ಕುಟುಂಬಕ್ಕೆ ಸಿಕ್ಕಿದ್ದು ಹೆಚ್ಚೆಂದರೆ 1.25 ಹೆಕ್ಟೇರ್, ಅದೂ ತುಂಡು ತುಂಡಾಗಿ. ಎರಡು ದಶಕದ ನಂತರವೂ ದುಡಿಯುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೊಲದಲ್ಲಿ, ಜಿಡಿಪಿಯಲ್ಲಿ ಹೊಲದ ಪಾಲು ಶೇ 10ರ ಆಸುಪಾಸು. ರಾಜಧಾನಿ ಟಿಬಿಲಿಸಿಯ ಪೊಲೀಸ್ ಎಷ್ಟೇ ಶುದ್ಧನಾದರೂ ಆ ಜೋಳದ ಹೊಲದ ಇಳುವರಿ ಏರೋದಿಲ್ಲ.

ಕಡತ ವಿಲೇವಾರಿ

ಮೇಡಂ, ಹಾಗಾದರೆ ಎಸ್ಟೋನಿಯಾ ಮಾಡಿದ್ದೇನು? ಎಲ್ಲರೂ ಡಿಜಿಟಲ್ ಗುರುತಿನ ಚೀಟಿ ಅಂತಾರೆ.

ರೂಲು ಪುಸ್ತಕ

ಆ ಚೀಟಿ ಬಂದದ್ದು 2002ರಲ್ಲಿ. ಅಸಲಿ ಕೆಲಸ 1992ರಿಂದ 94ರ ನಡುವೆ ಮುಗಿದಿತ್ತು. ಅಲ್ಲಿ ಲಂಚಕೋರರನ್ನು ಹಿಡಿಯೋದಕ್ಕಿಂತ ಹೆಚ್ಚಾಗಿ ಲಂಚಕ್ಕೆ ಮಾರಬಹುದಾದ ಸರಕನ್ನೇ ಕಡಿಮೆ ಮಾಡಿದರು. ಆಮದು ಸುಂಕವನ್ನು ಹತ್ತಿರ ಹತ್ತಿರ ಪೂರ್ತಿ ತೆಗೆದರು. ಸುಂಕ ಸೊನ್ನೆ ಆದರೆ ಕಸ್ಟಮ್ಸ್ ಅಧಿಕಾರಿ ರಿಯಾಯಿತಿ ಕೊಡೋದಾದರೂ ಯಾವುದರಲ್ಲಿ? 1994ರಲ್ಲಿ ಎಲ್ಲರಿಗೂ ಶೇ 26ರ ಒಂದೇ ಆದಾಯ ತೆರಿಗೆ. 1992ರ ಜೂನಿನಲ್ಲಿ ಕ್ರೂನ್ ನಾಣ್ಯ ತಂದು 8 ಕ್ರೂನ್‌ಗೆ 1 ಜರ್ಮನ್ ಮಾರ್ಕ್ ಅಂತ ಕಾನೂನಿನಲ್ಲೇ ಕಟ್ಟಿಹಾಕಿದರು. ಕೇಂದ್ರ ಬ್ಯಾಂಕಿಗೆ ಬೇಕೆಂದಾಗ ನೋಟು ಅಚ್ಚು ಹಾಕುವ ಅಧಿಕಾರ ಇಲ್ಲ, ಅಂದಮೇಲೆ ಬೇಕಾದವರ ಕಾರ್ಖಾನೆಗೆ ಅಗ್ಗದ ಸಾಲ ಕೊಡಿಸುವ ದಾರಿಯೂ ಇಲ್ಲ.

ಪರೀಕ್ಷೆ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ದೊಡ್ಡ ಬ್ಯಾಂಕುಗಳು ಮುಗ್ಗರಿಸಿದವು. ಸರ್ಕಾರ ಅವುಗಳ ವಹಿವಾಟು ನಿಲ್ಲಿಸಿತು, ಟಾರ್ಟು ಕಮರ್ಷಿಯಲ್ ಬ್ಯಾಂಕನ್ನು ದಿವಾಳಿಗೆ ಬಿಟ್ಟಿತು. ಠೇವಣಿದಾರರಿಗೆ ಪೆಟ್ಟು ಬಿತ್ತು, ನಿಜ. ಆದರೆ ಸರ್ಕಾರ ಬಂದು ಎತ್ತುತ್ತದೆ ಅನ್ನೋ ಲೆಕ್ಕಾಚಾರ ಆಮೇಲೆ ಯಾರೂ ಹಾಕಲಿಲ್ಲ.

ಅಂಕಿಸಂಖ್ಯೆ

ಎಸ್ಟೋನಿಯಾವನ್ನು ದೇವರ ಕೋಣೆಯಲ್ಲಿ ಕೂರಿಸುವ ಮುಂಚೆ: ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಟ್ಯಾಲಿನ್ ಶಾಖೆಯಲ್ಲಿ 2007ರಿಂದ 2015ರವರೆಗೆ ಅನಿವಾಸಿ ಗ್ರಾಹಕರ ಖಾತೆಗಳ ಮೂಲಕ ಸುಮಾರು 20 ಸಾವಿರ ಕೋಟಿ ಯೂರೋ ಹರಿದಿದೆ, ಅದರಲ್ಲಿ ದೊಡ್ಡ ಭಾಗ ಸಂಶಯದ ಹಣ ಅಂತ ಬ್ಯಾಂಕೇ ಮಾಡಿಸಿದ ತನಿಖೆ ಹೇಳಿತು. ಅಷ್ಟೂ ವರ್ಷ ಭ್ರಷ್ಟಾಚಾರ ಸೂಚ್ಯಂಕದಲ್ಲಿ ಎಸ್ಟೋನಿಯಾದ ಹೆಸರು ಚೆನ್ನಾಗೇ ಇತ್ತು. ಸೂಚ್ಯಂಕ ಕೇಳೋದು ಅಲ್ಲಿನ ಸರ್ಕಾರಿ ನೌಕರ ಲಂಚ ತಗೋತಾನಾ ಅಂತ. ಬೇರೆಯವರ ಲಂಚದ ಹಣ ಅಲ್ಲಿ ತೊಳೆದು ಹೋಗುತ್ತದಾ ಅಂತ ಅಲ್ಲ.

ಮೊದಲ ಪೋಸ್ಟಿನ ಅಂಕಿಗೂ ಒಂದು ತಿದ್ದುಪಡಿ. 2011ರ ತನಕ ಆ ಸೂಚ್ಯಂಕ 10ಕ್ಕೆ. 2012ರಿಂದ 100ಕ್ಕೆ, ಲೆಕ್ಕ ಹಾಕುವ ವಿಧಾನವೂ ಬೇರೆ. 1.8ನ್ನು 18 ಮಾಡಿ 2012ರ ಅಂಕ 52ರ ಪಕ್ಕ ಇಡುವ ಹಾಗಿಲ್ಲ. ಸ್ಥಾನಗಳನ್ನೂ ಹೋಲಿಸೋದು ಕಷ್ಟ, ಪಟ್ಟಿಯಲ್ಲಿರುವ ದೇಶಗಳ ಸಂಖ್ಯೆಯೇ ಬದಲಾಗಿದೆ. ಕಡತ ಅವರು 2012ಕ್ಕೆ ಸ್ಥಾನ ಮಾತ್ರ ಹೇಳಿ ಜಾಣತನದಿಂದ ತಪ್ಪಿಸಿಕೊಂಡಿದ್ದಾರೆ :)

ಕಂಪನಿ ಸಮೀಕ್ಷೆಯಲ್ಲೂ ಗುಂಡಿಗಳಿವೆ. ಪ್ರಶ್ನೆ "ನೀವು ಎಷ್ಟು ಲಂಚ ಕೊಟ್ಟಿರಿ" ಅಂತ ಇರೋದಿಲ್ಲ, "ನಿಮ್ಮಂಥ ಸಂಸ್ಥೆಗಳು ವಹಿವಾಟಿನ ಶೇಕಡಾ ಎಷ್ಟು ಕೊಡುತ್ತವೆ" ಅಂತ ಇರುತ್ತದೆ. ಕೆಲವರು ತಮ್ಮದೇ ಹೇಳುತ್ತಾರೆ, ಕೆಲವರು ಕಾಫಿ ಅಂಗಡಿಯಲ್ಲಿ ಕೇಳಿದ್ದು. ಉತ್ತರ ಕೊಡದವರನ್ನು ಸೊನ್ನೆ ಅಂತ ತುಂಬಿಸಿದರೆ ಹೆದರಿಕೆ ಹೆಚ್ಚಿರುವ ದೇಶವೇ ಶುದ್ಧವಾಗಿ ಕಾಣುತ್ತದೆ. ಇನ್ನೊಂದು ಇನ್ನೂ ಕೆಟ್ಟದ್ದು: ಮಾಮೂಲು ತಾಳಲಾರದೆ ಬಾಗಿಲು ಹಾಕಿದ ಕಂಪನಿ ಆ ಪಟ್ಟಿಯಲ್ಲೇ ಇರೋದಿಲ್ಲ. ಉಳಿದವರನ್ನು ಕೇಳಿ "ಲಂಚದಿಂದ ಅಷ್ಟೇನೂ ತೊಂದರೆ ಇಲ್ಲ" ಅಂತ ಬರೆಯುತ್ತೇವೆ.

ಬೆಳವಣಿಗೆ ಒಂದು ಕಡೆ, ಭ್ರಷ್ಟಾಚಾರ ಇನ್ನೊಂದು ಕಡೆ ಇಟ್ಟು ಗೆರೆ ಎಳೆಯುವವರಿಗೆ ನಾನು ತೋರಿಸೋದು ಅಜರ್‌ಬೈಜಾನ್. 2006ರಲ್ಲಿ ಸೂಚ್ಯಂಕ 2.4, ಜಿಡಿಪಿ ಬೆಳವಣಿಗೆ ಶೇ 34.5. ಬಾಕುವಿನಿಂದ ಟರ್ಕಿಯ ಜೆಯ್ಹಾನ್‌ಗೆ ಎಣ್ಣೆ ಕೊಳವೆ ಆಗಷ್ಟೇ ಶುರುವಾಗಿತ್ತು. ಇಪ್ಪತ್ತೈದು ಮೂವತ್ತು ದೇಶಗಳ ಲೆಕ್ಕದಲ್ಲಿ ಇಂಥ ಒಂದು ಬಿಂದು ಸಾಕು ಗೆರೆ ತಿರುಗೋಕೆ. ಅದನ್ನು ತೆಗೆದರೂ ಯುರೋಪ್ ಒಕ್ಕೂಟದ ಕೇಂದ್ರ ಬ್ರಸೆಲ್ಸಿಗೆ ಹತ್ತಿರ ಇರುವವರು ಶುದ್ಧ, ಅವರೇ ಶ್ರೀಮಂತ. ಯುರೋಪ್ ಒಕ್ಕೂಟ ಸೇರುವ ಆಸೆ ಎರಡನ್ನೂ ತಂದಿತಾ, ಅಥವಾ ಒಂದರಿಂದ ಇನ್ನೊಂದು ಬಂತಾ? ಆ ಗೆರೆ ಹೇಳೋದಿಲ್ಲ.

ರೂಲು ಪುಸ್ತಕ

ಅದಕ್ಕೇ ಇಬ್ಬರು ನೆರೆಯವರನ್ನು ಹೋಲಿಸೋದು ವಾಸಿ. ಚೆಕ್ ಮತ್ತು ಪೋಲೆಂಡ್. ಇಬ್ಬರಿಗೂ ಒಕ್ಕೂಟದ ಆಸೆ, ಇಬ್ಬರಲ್ಲೂ ಓದಿದವರು, ಇಬ್ಬರೂ 2004ರ ಮೇ 1ಕ್ಕೆ ಒಳಗೆ.

ಚೆಕ್ ದಾರಿ ಹೀಗಿತ್ತು. ವಯಸ್ಕರೆಲ್ಲ 1,035 ಕೊರುನಾ ಕೊಟ್ಟು (ತಿಂಗಳ ಸಂಬಳದ ಕಾಲುಭಾಗ ಅಂದುಕೊಳ್ಳಿ) 1,000 ಅಂಕಗಳ ಕೂಪನ್ ಪುಸ್ತಕ ತಗೋಬಹುದು. ಆ ಅಂಕಗಳಿಂದ ಸರ್ಕಾರಿ ಕಂಪನಿಗಳ ಷೇರಿಗೆ ಬಿಡ್ ಹಾಕಬಹುದು. 1992ರ ಮೊದಲ ಸುತ್ತಿನಲ್ಲಿ 85 ಲಕ್ಷ ಜನ ಸೇರಿದರು (ಆಗ ಇನ್ನೂ ಚೆಕೊಸ್ಲೊವಾಕಿಯಾ, ಸ್ಲೊವಾಕರೂ ಸೇರಿ). ಶುರುವಿನಲ್ಲಿ ಜನರಿಗೆ ಆಸಕ್ತಿಯೇ ಇರಲಿಲ್ಲ. ಹಾರ್ವರ್ಡ್ ಅನ್ನೋ ಹೆಸರಿನ ಹೂಡಿಕೆ ನಿಧಿ (ಆ ವಿಶ್ವವಿದ್ಯಾಲಯಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ) ನಿಮ್ಮ ಅಂಕ ನಮಗೆ ಕೊಡಿ, ಒಂದು ವರ್ಷ ಒಂದು ದಿನ ಆದಮೇಲೆ ಹತ್ತು ಪಟ್ಟು ಕೊಡುತ್ತೇವೆ ಅಂತ ಜಾಹೀರಾತು ಹಾಕಿತು ನೋಡಿ, ಸಾಲು ಹತ್ತಿತು. ಕೊನೆಗೆ ಒಟ್ಟು ಅಂಕಗಳಲ್ಲಿ ಶೇ 70ಕ್ಕಿಂತ ಹೆಚ್ಚು ಇಂಥ ನಿಧಿಗಳ ಕೈ ಸೇರಿತು. ದೊಡ್ಡ ನಿಧಿಗಳಲ್ಲಿ ಹಲವು ಸರ್ಕಾರಿ ಬ್ಯಾಂಕುಗಳದ್ದೇ. ಅಂದರೆ ಸರ್ಕಾರಿ ಬ್ಯಾಂಕು ಸಾಲ ಕೊಡುವ ಕಂಪನಿಗೆ ಅದೇ ಬ್ಯಾಂಕಿನ ನಿಧಿ ಒಡೆಯ. ಸಾಲ ತೀರಿಸು ಅಂತ ಯಾರು ಯಾರನ್ನು ಕೇಳೋದು?

ಈಗ ಸುರಂಗ ಕೊರೆಯೋದು, ಅಂದರೆ ಕಂಪನಿಯನ್ನು ಒಳಗಿಂದಲೇ ದೋಚೋದು. ಈ ಅರ್ಥದಲ್ಲಿ ಆ ಪದ ಜಗತ್ತಿಗೆ ಬಂದದ್ದೇ ಚೆಕ್ ಭಾಷೆಯಿಂದ. ಕಂಪನಿಯ ಕಟ್ಟಡ, ಚಿಮಣಿ, ಕಾರ್ಮಿಕರು ಎಲ್ಲ ಇದ್ದ ಹಾಗೇ ಇರುತ್ತಾರೆ, ಒಳಗಿಂದ ಎಲ್ಲ ಖಾಲಿ. ಒಂದು ಉದಾಹರಣೆ ಲೆಕ್ಕ, ಅಂಕಿ ನನ್ನದು. ಕಂಪನಿಯಲ್ಲಿ ಶೇ 35 ಪಾಲು ಇರುವವನು ಆಡಳಿತ ಹಿಡಿದಿದ್ದಾನೆ. 100 ರೂಪಾಯಿ ಬೆಲೆಯ ಉಕ್ಕನ್ನು ತನ್ನದೇ ಸೈಪ್ರಸ್ ಕಂಪನಿಗೆ 80ಕ್ಕೆ ಮಾರಿಸುತ್ತಾನೆ. ಕಂಪನಿಗೆ 20 ನಷ್ಟ. ಅದರಲ್ಲಿ ಅವನ ಪಾಲಿನ ನಷ್ಟ 7, ಸೈಪ್ರಸ್ಸಿನಲ್ಲಿ ಲಾಭ 20. ಉಳಿದ 13 ಕೂಪನ್ ಪುಸ್ತಕ ಇಟ್ಟುಕೊಂಡ ಅಜ್ಜಿಯಂಥವರ ತಲೆಗೆ. ಪಾಲು ಕಡಿಮೆ ಇದ್ದಷ್ಟೂ ಕದಿಯೋದು ಲಾಭ! ಒಡೆತನವನ್ನು ಚೂರು ಚೂರು ಮಾಡಿ ಹಂಚಿದ್ದರ ಫಲ ಇದು.

ಇದರಲ್ಲಿ ಲಂಚ ಎಲ್ಲಿದೆ ಹೇಳಿ? ಬಹಳಷ್ಟು ಕಾನೂನುಬದ್ಧವಾಗಿಯೇ ನಡೆಯಿತು. ಷೇರು ಮಾರುಕಟ್ಟೆಯ ಹೊರಗೆ ಬೆಲೆ ಹೇಳದೆ ವ್ಯವಹಾರ ಮಾಡಬಹುದಿತ್ತು. 1996ರಲ್ಲಿ ನಿಧಿಗಳ ಮೇಲೆ ಕಾನೂನು ಬಿಗಿಯಾಗುತ್ತದೆ ಅಂದಾಗ ಹಲವು ನಿಧಿಗಳು ಸಭೆ ಕರೆದು ಸಾಮಾನ್ಯ ಹೋಲ್ಡಿಂಗ್ ಕಂಪನಿ ಆಗಿಬಿಟ್ಟವು, ಬಲೆಯಿಂದ ಹೊರಗೆ. ಷೇರುಪೇಟೆಗೆ ಕಾವಲು ಆಯೋಗ ಬಂದದ್ದು 1998ರಲ್ಲಿ. ಅಷ್ಟರಲ್ಲಿ ಪ್ರಾಗ್ ಷೇರುಪೇಟೆಯಿಂದ ಸಾವಿರಕ್ಕೂ ಹೆಚ್ಚು ಕಂಪನಿಗಳ ಹೆಸರು ತೆಗೆದಾಗಿತ್ತು. 1997ರ ಮೇ ತಿಂಗಳಲ್ಲಿ ಕೊರುನಾ ಕುಸಿಯಿತು, ನವೆಂಬರಿನಲ್ಲಿ ಪ್ರಧಾನಿ ಕ್ಲೌಸ್ ಸರ್ಕಾರ ಹೋಯಿತು.

ಪೋಲೆಂಡಿನಲ್ಲಿ ಕ್ರಮ ತಿರುಗುಮುರುಗು. 1991ರ ಮಾರ್ಚಿನಲ್ಲಿ ಷೇರುಪೇಟೆ ಕಾನೂನು, ಜೊತೆಗೇ ಆಯೋಗ. ಏಪ್ರಿಲ್ 16ಕ್ಕೆ ವಾರ್ಸಾ ಷೇರುಪೇಟೆ ತೆರೆದಾಗ ಪಟ್ಟಿಯಲ್ಲಿ ಐದೇ ಐದು ಕಂಪನಿ, ವಾರಕ್ಕೊಂದೇ ದಿನ ವ್ಯಾಪಾರ. ಜಾಗ ಯಾವುದು ಗೊತ್ತಾ? ಕಮ್ಯುನಿಸ್ಟ್ ಪಕ್ಷದ ಹಳೆಯ ಕೇಂದ್ರ ಕಚೇರಿ. ಸಗಟು ಖಾಸಗೀಕರಣ ಮಾತ್ರ ಜಗಳವಾಡಿ ಜಗಳವಾಡಿ 1995ರ ತನಕ ಎಳೆಯಿತು, ಅದೂ 15 ನಿಧಿ, 512 ಕಂಪನಿಗಳಷ್ಟೇ. ಆ ವಿಳಂಬಕ್ಕೆ ಆಗ ಎಲ್ಲರೂ ಬೈದರು. ಕಳ್ಳ ಬರುವ ಮುಂಚೆ ಬಾಗಿಲಿಗೆ ಚಿಲಕ ಹಾಕಲು ಸಮಯ ಸಿಕ್ಕಿದ್ದು ಅದರಿಂದಲೇ.

ಮೂರನೇ ಬೆಂಚು

ಪೋಲೆಂಡ್ ಜಾಣತನದಿಂದ ಕಾದಿತು ಅನ್ನೋದು ಸ್ವಲ್ಪ ಜಾಸ್ತಿ ಆಯಿತು ಮೇಡಂ. ಕಾರ್ಮಿಕ ಮಂಡಳಿಗಳು ಬಿಡಲಿಲ್ಲ, ಸರ್ಕಾರಗಳು ನಿಲ್ಲಲಿಲ್ಲ, ಅದಕ್ಕೇ ತಡ. ಚೆಕ್ ಗಣರಾಜ್ಯವೂ ಬಡವಾಗಿ ಉಳಿಯಲಿಲ್ಲ, ಇವತ್ತಿಗೂ ತಲಾ ಆದಾಯದಲ್ಲಿ ಪೋಲೆಂಡಿಗಿಂತ ಮುಂದೆ.

ರೂಲು ಪುಸ್ತಕ

ತಡದ ಕಾರಣ ಒಪ್ಪಿದೆ. ಮುಂದೆ ಇರೋದೂ ಸರಿ, 1990ರಲ್ಲೂ ಮುಂದೇ ಇತ್ತು. ಅಂತರ ಎಷ್ಟು ಕರಗಿದೆ ಅನ್ನೋದನ್ನು ನೋಡಿ.

ಕಡತ ವಿಲೇವಾರಿ

ಕಾನೂನು ಬರೆಸಿಕೊಳ್ಳುವ ಜಾತಿಗೆ ರಷ್ಯಾದ 1995ರ "ಷೇರಿಗೆ ಸಾಲ" ಹರಾಜಿಗಿಂತ ಶುದ್ಧ ಮಾದರಿ ಸಿಗೋದಿಲ್ಲ. ಕಾಗದದ ಮೇಲೆ ಎಲ್ಲ ಸರಿ. ಸರ್ಕಾರಕ್ಕೆ ಹಣ ಬೇಕು, ಬ್ಯಾಂಕುಗಳು ಸಾಲ ಕೊಡುತ್ತವೆ, ಎಣ್ಣೆ, ನಿಕ್ಕಲ್ ಕಂಪನಿಗಳ ಷೇರು ಅಡಮಾನ. 1996ರ ಸೆಪ್ಟೆಂಬರಿನೊಳಗೆ ತೀರಿಸದಿದ್ದರೆ ಬ್ಯಾಂಕು ಅದನ್ನು ಮಾರಬಹುದು. 1996ರ ಬಜೆಟ್ಟಿನಲ್ಲಿ ಆ ಸಾಲ ತೀರಿಸಲು ಹಣವನ್ನೇ ಇಡಲಿಲ್ಲ. ಅಲ್ಲಿಗೆ ಅಡಮಾನ ಅಂದರೆ ಮಾರಾಟ.

ಹರಾಜು ನಡೆಸುವವರೇ ಬಿಡ್ ಮಾಡುವವರು. ನೊರಿಲ್ಸ್ಕ್ ನಿಕ್ಕಲ್‌ನ ಶೇ 38ಕ್ಕೆ ಕನಿಷ್ಠ ಬೆಲೆ 17 ಕೋಟಿ ಡಾಲರ್. ಹರಾಜು ನಡೆಸಿದ್ದು ಒನೆಕ್ಸಿಮ್ ಬ್ಯಾಂಕ್. 35.5 ಕೋಟಿ ಹೇಳಿದ ಇನ್ನೊಂದು ಕಡೆಯವರ ಬಿಡ್ಡನ್ನು, ಗ್ಯಾರಂಟಿ ಕೊಟ್ಟ ಬ್ಯಾಂಕಿನ ಬಂಡವಾಳ ಸಾಲದು ಅಂತ ಪಕ್ಕಕ್ಕಿಟ್ಟರು. ಗೆದ್ದದ್ದು ಒನೆಕ್ಸಿಮ್, 17.01 ಕೋಟಿಗೆ. ಯುಕೋಸ್ ಎಣ್ಣೆ ಕಂಪನಿಯ ಶೇ 45, ಕನಿಷ್ಠ ಬೆಲೆ 15 ಕೋಟಿ, ಹೋದದ್ದು 15.9ಕ್ಕೆ. ಸಿಬ್‌ನೆಫ್ಟ್‌ನ ಶೇ 51, ಕನಿಷ್ಠ 10 ಕೋಟಿ, ಹೋದದ್ದು 10.03ಕ್ಕೆ. ಕನಿಷ್ಠ ಬೆಲೆಯ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿದ ಹಾಗೆ. ಒಟ್ಟು 12 ಕಂಪನಿಗಳಿಂದ ಸರ್ಕಾರಕ್ಕೆ ಬಂದದ್ದು ಸುಮಾರು 80 ಕೋಟಿ ಡಾಲರ್. ಈ ಬ್ಯಾಂಕುಗಳಲ್ಲಿ ಸರ್ಕಾರದ್ದೇ ಠೇವಣಿ ಇತ್ತು ಅನ್ನೋದನ್ನೂ ಸೇರಿಸಿಕೊಳ್ಳಿ.

ಅಂಕಿಸಂಖ್ಯೆ

ಬೇಕಂತಲೇ ಎದುರು ಹೇಳುತ್ತೇನೆ. ಹೊಸ ಒಡೆಯರ ಕೈಯಲ್ಲಿ 1999ರ ನಂತರ ಯುಕೋಸ್, ಸಿಬ್‌ನೆಫ್ಟ್ ಎಣ್ಣೆ ಉತ್ಪಾದನೆ ಸರ್ಕಾರಿ ಕಂಪನಿಗಳಿಗಿಂತ ಜೋರಾಗಿ ಏರಿತು. ಹುಟ್ಟು ಕೊಳಕಾಗಿದ್ದರೂ ಒಡೆತನ ಕೆಲಸ ಮಾಡಿತಲ್ಲ?

ಕಡತ ವಿಲೇವಾರಿ

2003ರ ತನಕ ಮಾಡಿತು. ಆ ಅಕ್ಟೋಬರಿನಲ್ಲಿ ಯುಕೋಸಿನ ಒಡೆಯ ಹೊದರ್ಕೊವ್ಸ್ಕಿ ಬಂಧನ. 2004ರ ಡಿಸೆಂಬರ್ 19ಕ್ಕೆ ಯುಕೋಸಿನ ಮುಖ್ಯ ಘಟಕ ಯುಗಾನ್ಸ್ಕ್‌ನೆಫ್ಟೆಗಾಜ್ ತೆರಿಗೆ ಬಾಕಿಗಾಗಿ ಹರಾಜು. ಕೊಂಡದ್ದು ಬೈಕಾಲ್ ಫೈನಾನ್ಸ್ ಗ್ರೂಪ್, ಸುಮಾರು 935 ಕೋಟಿ ಡಾಲರ್ ಕೊಟ್ಟು. ಪತ್ರಕರ್ತರು ಅದರ ನೋಂದಾಯಿತ ವಿಳಾಸ ಹುಡುಕಿಕೊಂಡು ತ್ವೇರ್ ಪಟ್ಟಣಕ್ಕೆ ಹೋದರೆ ಅಲ್ಲಿದ್ದದ್ದು ದಿನಸಿ ಅಂಗಡಿ, ಮೊಬೈಲ್ ಅಂಗಡಿ ಇರುವ ಒಂದು ಕಟ್ಟಡ. ಕೆಲವೇ ದಿನಗಳಲ್ಲಿ ಸರ್ಕಾರಿ ರೊಸ್‌ನೆಫ್ಟ್ ಅದನ್ನೇ ಕೊಂಡುಕೊಂಡಿತು. ಆಗ ಬೀದಿಯಲ್ಲಿ ಯಾರೂ ಅಳಲಿಲ್ಲ, ಯಾಕೆಂದರೆ 1995ರ ಹರಾಜು ಎಲ್ಲರಿಗೂ ನೆನಪಿತ್ತು. ಕದ್ದ ಮಾಲಿಗೆ ಪೊಲೀಸ್ ದೂರು ಕೊಡುವ ಹಾಗಿಲ್ಲ.

ಗಂಗಾವತಿ ಭತ್ತ

ಈ ಉಕ್ರೇನದಾಗ ಗ್ಯಾಸಿನ ಹಗರಣ ಅಂತಾರಲ್ರೀ, ಅದು ಹೆಂಗ ನಡೀತಿತ್ತು? ಸರಳ ಮಾಡಿ ಹೇಳ್ರಿ.

ಅಂಕಿಸಂಖ್ಯೆ

ನಮ್ಮ ಪಡಿತರ ಸೀಮೆಎಣ್ಣೆ ನೆನಪು ಮಾಡಿಕೊಳ್ಳಿ, ಅದೇ ಯಂತ್ರ. ಒಂದೇ ವಸ್ತು, ಎರಡು ಬೆಲೆ.

2013ರಲ್ಲಿ ಕಡಿಮೆ ಬಳಕೆಯ ಮನೆಗಳಿಗೆ ಸಾವಿರ ಘನ ಮೀಟರಿಗೆ 725 ಹ್ರಿವ್ನಿಯಾ. ಆಗ ಡಾಲರಿಗೆ 8, ಅಂದರೆ ಸುಮಾರು 90 ಡಾಲರ್. ರಷ್ಯಾದಿಂದ ತರಿಸುವ ಬೆಲೆ 400 ಡಾಲರ್ ಆಸುಪಾಸು. ಅಂತರ 310. ಒಂದು ಕೋಟಿ ಘನ ಮೀಟರ್ "ಮನೆ" ಗ್ಯಾಸನ್ನು ಕಾರ್ಖಾನೆಗೆ ತಿರುಗಿಸಿದರೆ 31 ಲಕ್ಷ ಡಾಲರ್. ಕೊಳವೆಯಲ್ಲಿ ಹರಿಯುವ ಗ್ಯಾಸಿಗೆ ನೀಲಿ ಬಣ್ಣ ಹಾಕೋಕೂ ಆಗೋದಿಲ್ಲ, ಪುಸ್ತಕದಲ್ಲಿ ಬರೆದದ್ದೇ ಸತ್ಯ. ಮೀಟರ್ ಇಲ್ಲದ ಮನೆಗಳಿಗೆ ತಲೆಗಿಷ್ಟು ಅಂತ ನಿಗದಿ. ನಿಜವಾದ ಬಳಕೆ ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದು ವಿತರಕರ ಕೈಯಲ್ಲಿ. ಅವರಿಗೆ ಮೀಟರ್ ಹಾಕಲು ಅವಸರ ಇರಲಿಲ್ಲ ಅಂತ ಬೇರೆ ಹೇಳಬೇಕಾ.

2014ರಲ್ಲಿ ಸರ್ಕಾರಿ ನಫ್ತೊಗಾಜ್ ಕಂಪನಿಯ ಕೊರತೆಯೊಂದೇ ಜಿಡಿಪಿಯ ಶೇ 5 ದಾಟಿತು. ಹಿಡಿಯಿರಿ, ಕಟ್ಟಿರಿ ಅಂತ ವರ್ಷಗಟ್ಟಲೆ ಮಾಡಿದ ತನಿಖೆಗಳಿಂದ ಆಗದ್ದು 2016ರ ಮೇ ತಿಂಗಳ ಒಂದು ಆದೇಶದಿಂದ ಆಯಿತು: ಎಲ್ಲರಿಗೂ 6,879 ಹ್ರಿವ್ನಿಯಾ. ಬಡವರಿಗೆ ಬಿಲ್ಲಿನಲ್ಲಿ ಸಬ್ಸಿಡಿ. ಬೆಲೆ ಒಂದೇ ಆದಮೇಲೆ ತಿರುಗಿಸಿ ಏನು ಸಿಗಬೇಕು? ಜನ ಚಳಿಗಾಲದ ಬಿಲ್ ನೋಡಿ ಬೈದರು, ಅದೂ ನ್ಯಾಯವೇ.

ಕಡತ ವಿಲೇವಾರಿ

ಇಲ್ಲಿ ಎಸ್ಟೋನಿಯಾದ ಸುಂಕದ ಮಾತು ಮತ್ತೆ ಬಂತು ನೋಡಿ. ಎರಡು ಬೆಲೆ ಅಥವಾ ಒಬ್ಬನ ಸಹಿ, ಲಂಚದ ಮೂಲ ಇವೆರಡರಲ್ಲೊಂದು.

ಗಂಗಾವತಿ ಭತ್ತ

ಇನ್ನೊಂದು. ಅವರ ಪ್ರೊಜೊರೊ ಟೆಂಡರ್ ಜಾಲತಾಣ ಭಾರಿ ಹೆಸರು ಮಾಡೇತಿ. ನಮ್ಮಲ್ಲೂ ಇ-ಟೆಂಡರ್ ಐತಿ, ಆದ್ರ ತುಂಡು ಗುತ್ತಿಗೆ ಮಾಡಿ (ಒಂದ ಕೆಲಸ ಟೆಂಡರ್ ಮಿತಿಗಿಂತ ಸಣ್ಣ ತುಂಡು ಮಾಡಿ) ತಪ್ಪಿಸಿಕೊಳ್ತಾರ, ಟೆಂಡರ್ ಕಾಯ್ದೆಯ 4(ಜಿ) ವಿನಾಯಿತಿ ಅಂತ ಒಂದು ಹಿಂದಿನ ಬಾಗಿಲು ಬ್ಯಾರೆ. ಅಲ್ಲಿ ಹೆಂಗ?

ಅಂಕಿಸಂಖ್ಯೆ

ಅಲ್ಲೂ ತುಂಡು ಗುತ್ತಿಗೆಯೇ ಗುರುಗಳೇ. 2015ರ ಫೆಬ್ರವರಿಯಲ್ಲಿ ಪ್ರಯೋಗಕ್ಕೆ ಬಂದು 2016ರ ಆಗಸ್ಟ್‌ನಿಂದ ಎಲ್ಲ ಇಲಾಖೆಗೂ ಕಡ್ಡಾಯ ಆಯಿತು. ಮೂರು ಸುತ್ತಿನ ಇಳಿಕೆ ಹರಾಜು, ಮುಗಿಯುವ ತನಕ ಬಿಡ್‌ದಾರರ ಹೆಸರು ಮರೆ. ಮುಗಿದ ಮೇಲೆ ಸೋತವರದ್ದೂ ಸೇರಿ ಎಲ್ಲರ ಕಾಗದಪತ್ರ ಬಯಲು, ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ಇದೇ ಅದರ ದೊಡ್ಡ ಗುಣ, ಅನರ್ಹ ಮಾಡಿದ್ದು ಸರಿಯಾ ಅಂತ ಪಕ್ಕದ ಬಿಡ್‌ದಾರನೇ ಪರೀಕ್ಷೆ ಮಾಡುತ್ತಾನೆ.

ತೂತು ಮೂರು. ಸರಕಿಗೆ ಹರಾಜು ಕಡ್ಡಾಯವಾಗುವ ಗಡಿ 2 ಲಕ್ಷ ಹ್ರಿವ್ನಿಯಾ ಇತ್ತು, ಹಾಗಾಗಿ 1,99,999ರ ಒಪ್ಪಂದಗಳ ಮಳೆ. 2020ರಲ್ಲಿ 50 ಸಾವಿರ ಮೀರಿದ್ದಕ್ಕೂ ಸರಳ ಬಿಡ್ ಕಡ್ಡಾಯ ಮಾಡಿದರು.

ಎರಡನೆಯದು ಹರಾಜಿನ ನಂತರ. ಮಾರುಕಟ್ಟೆ ಏರಿದರೆ ಘಟಕದ ಬೆಲೆಯನ್ನು ಶೇ 10ರ ತನಕ ಏರಿಸಬಹುದು, ಒಟ್ಟು ಮೊತ್ತ ಮಾತ್ರ ಏರಬಾರದು ಅಂತ ಕಾನೂನು. ವಿದ್ಯುತ್, ಗ್ಯಾಸ್, ಪೆಟ್ರೋಲ್ ಪೂರೈಕೆದಾರರು ಇದನ್ನು "ಪ್ರತಿ ಸಲ ಶೇ 10" ಅಂತ ಓದಿಕೊಂಡರು. ನಷ್ಟದ ಬೆಲೆಗೆ ಬಿಡ್ ಗೆಲ್ಲೋದು, ಆಮೇಲೆ ಹೆಚ್ಚುವರಿ ಒಪ್ಪಂದದ ಮೇಲೆ ಒಪ್ಪಂದ. ಏಳು ಸಲ ಮಾಡಿದರೆ ಬೆಲೆ ಹತ್ತಿರ ಹತ್ತಿರ ಇಮ್ಮಡಿ. ಒಟ್ಟು ಮೊತ್ತ ಅದೇ ಇರೋದರಿಂದ ಶಾಲೆಗೆ ಬರೋದು ಅರ್ಧ ಗ್ಯಾಸ್. ಒಟ್ಟಾರೆ ಶೇ 10 ಮೀರುವಂತಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಮೂರನೆಯದು ವಿನಾಯಿತಿ, ನಿಮ್ಮ 4(ಜಿ) ಥರ. ಯುದ್ಧ ಬಂದಮೇಲೆ ಸೇನೆಯ ಖರೀದಿ ಜಾಲತಾಣದಿಂದ ಹೊರಗೆ ಹೋಯಿತು. 2023ರ ಜನವರಿಯಲ್ಲಿ ಪತ್ರಿಕೆಯೊಂದು ಸೈನಿಕರ ಊಟದ ಒಪ್ಪಂದ ಹೊರಗೆ ಹಾಕಿತು: ಅಂಗಡಿಯಲ್ಲಿ 7 ಹ್ರಿವ್ನಿಯಾ ಇದ್ದ ಮೊಟ್ಟೆಗೆ 17. ತಾಂತ್ರಿಕ ತಪ್ಪು ಅಂತ ಸಚಿವಾಲಯ ಹೇಳಿತು, ಆದರೂ ಉಪಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಮೂರನೇ ಬೆಂಚು

ತನಿಖೆ ಮಾಡುವವರ ಮೇಲೂ ಕಣ್ಣಿರಲಿ. 2025ರ ಜುಲೈ 22ಕ್ಕೆ ಉಕ್ರೇನಿನ ಭ್ರಷ್ಟಾಚಾರ ನಿಗ್ರಹ ಬ್ಯೂರೋವನ್ನೂ ವಿಶೇಷ ಪ್ರಾಸಿಕ್ಯೂಟರನ್ನೂ ಸರ್ಕಾರಿ ಪ್ರಾಸಿಕ್ಯೂಟರ್ ಜನರಲ್ ಕೈಕೆಳಗೆ ತರುವ ಕಾನೂನಿಗೆ ಅಂಕಿತ ಬಿತ್ತು. ಯುದ್ಧದ ನಡುವೆಯೂ ಜನ ರಟ್ಟಿನ ಫಲಕ ಹಿಡಿದು ಬೀದಿಗೆ ಬಂದರು, ಯುರೋಪ್ ಒಕ್ಕೂಟ ಹುಬ್ಬು ಗಂಟಿಕ್ಕಿತು, 31ಕ್ಕೆ ವಾಪಸ್. ರುಮೇನಿಯಾದಲ್ಲಿ 2017ರ ಜನವರಿ 31ರ ರಾತ್ರಿ, 2 ಲಕ್ಷ ಲೆಯಿಗಿಂತ ಕಡಿಮೆ ನಷ್ಟದ ಅಧಿಕಾರ ದುರ್ಬಳಕೆ ಅಪರಾಧವೇ ಅಲ್ಲ ಅಂತ ಸುಗ್ರೀವಾಜ್ಞೆ ತಂದು, ಐದೇ ದಿನದಲ್ಲಿ ಹಿಂದೆ ತಗೊಂಡಿದ್ದರು. ರುಮೇನಿಯಾ ಆಗಲೇ ಒಕ್ಕೂಟದ ಒಳಗಿತ್ತು, ಬ್ರಸೆಲ್ಸಿನ ಹಿಡಿತ ಸಡಿಲ. ಅಲ್ಲಿ ತಡೆದದ್ದು ಚಳಿಯಲ್ಲಿ ನಿಂತ ಲಕ್ಷಾಂತರ ಜನ.

ಗಂಗಾವತಿ ಭತ್ತ

ತುಂಡು ಗುತ್ತಿಗೆ ದತ್ತಾಂಶದಾಗ ಹಿಡಿಯೋದು ಹೆಂಗ? ಕಂಪ್ಯೂಟರ್ ಬಲ್ಲ ಹುಡುಗರು ಅದಾರ, ನಮ್ಮ ಕಡೆ ಟೆಂಡರ್ ಮ್ಯಾಲೂ ಮಾಡಿ ನೋಡ್ತೀವಿ.

ಅಂಕಿಸಂಖ್ಯೆ

ಮೊದಲು ಎಲ್ಲ ಒಪ್ಪಂದಗಳ ಮೊತ್ತವನ್ನು 5 ಸಾವಿರದ ಗುಂಪುಗಳಾಗಿ ಮಾಡಿ ಕಂಬದ ನಕ್ಷೆ ಹಾಕಿ. ಗಡಿಗೆ ತುಸು ಮುಂಚೆ ಗುಡ್ಡ, ಗಡಿ ದಾಟಿದ ತಕ್ಷಣ ಹಳ್ಳ ಕಂಡರೆ ಅಲ್ಲಿ ಅಗೆಯಬೇಕು. ಆಮೇಲೆ ಒಂದೇ ಕಚೇರಿ, ಒಂದೇ ಪೂರೈಕೆದಾರ, 30 ದಿನದ ಒಳಗೆ ಎರಡಕ್ಕಿಂತ ಹೆಚ್ಚು ಒಪ್ಪಂದ, ಕೂಡಿದರೆ ಗಡಿ ದಾಟುವಂಥವು ಇಷ್ಟನ್ನು ಜರಡಿ ಹಿಡಿಯಿರಿ. ಪೂರೈಕೆದಾರರ ಹೆಸರು ನೆಚ್ಚಬೇಡಿ, ಒಂದೇ ಹೆಸರನ್ನು ನಾಲ್ಕು ಥರ ಬರೆದಿರುತ್ತಾರೆ. ನೋಂದಣಿ ಸಂಖ್ಯೆ ಹಿಡಿದು ಹೋಗಿ, ನಮ್ಮಲ್ಲಾದರೆ ಜಿಎಸ್‌ಟಿ ಸಂಖ್ಯೆ. ವಸ್ತುವಿನ ವರ್ಗದ ಕಾಲಂ ಕೊನೆಗೆ ನೋಡಿ. ಒಂದೇ ಶಾಲೆಯ ಒಂದೇ ಛಾವಣಿ ರಿಪೇರಿಯನ್ನು ಹೆಂಚು, ಮರ, ಕೂಲಿ ಅಂತ ಮೂರು ವರ್ಗಕ್ಕೆ ಹಾಕಿರುತ್ತಾರೆ, ಆ ಕಾಲಂನಿಂದ ಶುರು ಮಾಡಿದರೆ ಮೂರೂ ಕೈತಪ್ಪುತ್ತವೆ. ಉಕ್ರೇನಿನ ದತ್ತಾಂಶದಲ್ಲಿ 2020ರಿಂದ 2022ರಲ್ಲಿ ಯುದ್ಧ ಬರುವ ತನಕದ್ದಕ್ಕೆ 2 ಲಕ್ಷದ ಗಡಿ ಬಿಟ್ಟು 49 ಸಾವಿರದ ಆಸುಪಾಸು ನೋಡಿ.